ಹಾಯಿಹಡಗಿನ ಸೆರೆಯಾಳುಗಳು

ಮಧುಗಿರಿಯ ಬೆಟ್ಟವನ್ನು ನೀವು ನೋಡಿರಬಹುದು. ಆ ಕಡೆಯವರಾಗಿದ್ದರೆ ಹತ್ತಿಯೂ ಇರಬಹುದು. ಊರಿನ ಬೆನ್ನಿಗೇ ಎದ್ದು ನಿಂತ ಒಂದೇ ಬಂಡೆ. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೆ ಸ್ವಲ್ಪವೇ ಕಡಮೆ. ಅದರ ಮೈಮೇಲೆ ಸುತ್ತು ಸುತ್ತಾಗಿ ಕೋಟೆ, ಒಂದು ಬಾಗಿಲು ದಾಟಿದರೆ ಮತ್ತೊಂದು ಬಾಗಿಲು. ಶಿರಾದಲ್ಲಿ ಕೋಟೆ ಉಂಟು, ಪಾವಗಡದ ಬೆಟ್ಟದಲ್ಲಿ ಉಂಟು, ಕೊರಟಗೆರೆಯಲ್ಲೂ ಇತ್ತು. ಈ ಸೀಮೆಯಲ್ಲಿ ಇಲ್ಲದ್ದು ಕಡಲು ಒಂದೇ. ಪೂರ್ವಕ್ಕೆ ಹೊರಡಿ, ಪಶ್ಚಿಮಕ್ಕೆ ಹೊರಡಿ, ನೂರೈವತ್ತು ಮೈಲಿ ನಡೆದರೂ ಉಪ್ಪುನೀರು ಸಿಕ್ಕದು. ಆದುದರಿಂದ ನಾವಿಕರ ವಿಚಾರ, ಅದರಲ್ಲೂ ಹಾಯಿಹಡಗಿನ ಕಾಲದ ನಾವಿಕರ ವಿಚಾರ ಎತ್ತಿದರೆ, ಅದು ನಮಗೆ ಏನೂ ಸಂಬಂಧವಿಲ್ಲದ ಮಾತೆಂದು ನೀವು ಪುಟ ಮಗುಚಬಹುದು. ಸ್ವಲ್ಪ ತಾಳಿ. ಸೆರೆ ಎಂದರೇನೆಂಬುದನ್ನು ಈ ಸೀಮೆ ಚೆನ್ನಾಗಿ ಬಲ್ಲದು.

1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದ. ಕೆಳದಿಯ ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ತಪ್ಪಿಸಿಕೊಂಡು ಹೋದಳು, ಅಲ್ಲಿ ಸಿಕ್ಕಿಬಿದ್ದಳು. ಅವಳನ್ನೂ ಅವಳ ದತ್ತುಪುತ್ರ ಸೋಮಶೇಖರನನ್ನೂ ಮಲೆನಾಡಿನ ಹಸುರಿನಿಂದ ಕಿತ್ತು ತಂದು ಈ ಮಧುಗಿರಿಯ ಬೋಳುಬಂಡೆಯ ಮೇಲೆ ಇರಿಸಿದರು. ನಾಲ್ಕು ವರ್ಷ ಅಲ್ಲಿಯೇ. 1767ರಲ್ಲಿ ಪೇಶ್ವೆ ಮಾಧವರಾಯನ ದಂಡು ಮಧುಗಿರಿಯನ್ನು ಹಿಡಿದಾಗ ಅವಳಿಗೆ ಬಿಡುಗಡೆಯಾಯಿತು. ಪುಣೆಯ ದಾರಿಯಲ್ಲಿ ಅವಳು ತೀರಿಕೊಂಡಳು. ಈ ನಾಲ್ಕು ವರ್ಷದಲ್ಲಿ ಅವಳನ್ನು ಬಿಡಿಸಿಕೊಳ್ಳುವ ಕ್ರಮ ಎಂಬುದು ಯಾವುದೂ ಇರಲಿಲ್ಲ. ಗೆದ್ದವನ ಮನಸ್ಸು ಕರಗಬೇಕು, ಇಲ್ಲವೇ ಅವನಿಗಿಂತ ದೊಡ್ಡ ದಂಡು ಬರಬೇಕು. ಅವಳ ಹೆಸರನ್ನು ಹಿಡಿದು, ‘ಇವಳು ನಮ್ಮವಳು, ಲೆಕ್ಕ ಒಪ್ಪಿಸಿ’ ಎಂದು ಕೇಳುವ ಸರಕಾರ ಉಳಿದಿರಲಿಲ್ಲ.

ಅದೇ ಕಾಲದಲ್ಲಿ ಯೂರೋಪಿನ ರಾಜ್ಯಗಳು ಕಡಲಿನ ಮೇಲೆ ಒಂದು ರೂಢಿಯನ್ನು ಬೆಳೆಸಿಕೊಂಡಿದ್ದುವು. ಶತ್ರುವಿನ ಹಡಗು ಸೋತರೆ ಅದರಲ್ಲಿದ್ದವರ ಪಟ್ಟಿ ಮಾಡುವರು. ಇಂಥವನು, ಇಂಥ ಹಡಗಿನವನು, ಇಂಥ ಪದವಿಯವನು. ಮುಂದೆ ಎರಡು ಪಕ್ಷದವರೂ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಕಪ್ತಾನನಿಗೆ ಕಪ್ತಾನ, ನಾವಿಕನಿಗೆ ನಾವಿಕ ಎಂದು ಅದಲುಬದಲು ಮಾಡಿಕೊಳ್ಳುವರು. ಅನ್ನ ಕೆಟ್ಟದ್ದಿರಬಹುದು, ಜಾಗ ಹೊಲಸಾಗಿರಬಹುದು, ವರ್ಷಗಟ್ಟಲೆ ಕೊಳೆಯಬೇಕಾಗಬಹುದು. ಆದರೂ ಪಟ್ಟಿಯಲ್ಲಿ ಹೆಸರಿದ್ದವನು ‘ಯುದ್ಧ ಕೈದಿ’. ಇಂದಲ್ಲ ನಾಳೆ ಅವನನ್ನು ಕೇಳುವವರು ಉಂಟು. ಪಟ್ಟಿಯಿಂದ ಹೊರಗುಳಿದವನ ಗತಿ ಬೇರೆ. ಅವನು ಗೆದ್ದವನ ಸೊತ್ತು.

ಹಾಗಾದರೆ ಪಟ್ಟಿಗೆ ಯಾರು ಸೇರಬೇಕು? ಅಮೆರಿಕದ ಹಡಗುಗಳಲ್ಲಿ ದುಡಿಯುತ್ತಿದ್ದ ಆಫ್ರಿಕ ಮೂಲದ ನಾವಿಕರಿಗೆ ಈ ಪ್ರಶ್ನೆ ಪ್ರಾಣದ ಪ್ರಶ್ನೆಯಾಗಿತ್ತು. ಮೈಸೂರು ರಾಜ್ಯದೊಳಗೂ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಬಂದಿತ್ತು. ಎರಡನ್ನೂ ಜೊತೆಗಿಟ್ಟು ನೋಡುವುದಕ್ಕೆ ಇಬ್ಬರು ಹುಡುಗರ ಕಥೆ ಅನುಕೂಲವಾಗಿ ಒದಗಿದೆ. ಇಬ್ಬರೂ ಹುಟ್ಟಿದ್ದು 1766ರಲ್ಲಿ. ಇಬ್ಬರೂ ಯುದ್ಧದ ಹಡಗಿನಲ್ಲಿ ಮದ್ದಿನ ಹುಡುಗರು. ಮದ್ದಿನ ಹುಡುಗನ ಕೆಲಸವೆಂದರೆ ಫಿರಂಗಿ ಹಾರುತ್ತಿರುವಾಗ ಹಡಗಿನ ತಳದ ಕೋಣೆಯಿಂದ ಮದ್ದಿನ ಚೀಲವನ್ನು ಹೊತ್ತು ಮೇಲಕ್ಕೆ ಓಡಿ ಬರುವುದು. ಚಿಕ್ಕ ಮೈ, ಚುರುಕು ಕಾಲು ಬೇಕು; ಅದಕ್ಕೇ ಹುಡುಗರನ್ನು ಇಡುತ್ತಿದ್ದರು. ಇಬ್ಬರೂ ಹದಿನೈದು ಹದಿನಾರರ ಪ್ರಾಯದಲ್ಲಿ, ಒಂದೇ ಮಹಾಯುದ್ಧದಲ್ಲಿ, ಭೂಮಿಯ ಎರಡು ಕಡೆ ಸೆರೆ ಸಿಕ್ಕಿದರು.

ಮೊದಲನೆಯವನು ಜೇಮ್ಸ್ ಫೋರ್ಟನ್, ಫಿಲಡೆಲ್ಫಿಯದ ಕರಿಯರ ಹುಡುಗ. ಮುತ್ತಜ್ಜ ಆಫ್ರಿಕದಿಂದ ಗುಲಾಮನಾಗಿ ಬಂದವನು. ಅಜ್ಜ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡವನು. ತಂದೆ ಹಾಯಿ ಹೊಲಿಯುವ ಕಸುಬಿನವನು. ತಂದೆ ಬೇಗ ತೀರಿಕೊಂಡ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಊರಿನ ಬಯಲಿನಲ್ಲಿ ಓದಿದಾಗ ಹತ್ತು ತುಂಬದ ಈ ಬಾಲಕ ಗುಂಪಿನಲ್ಲಿ ನಿಂತು ಕೇಳಿದ್ದ. 1781ರಲ್ಲಿ ‘ರಾಯಲ್ ಲೂಯಿ’ ಎಂಬ ಹಡಗು ಸೇರಿದ. ಇದು ಖಾಸಗಿಯವರು ಸರಕಾರದ ಸನದು ಪಡೆದು ಶತ್ರುವಿನ ವ್ಯಾಪಾರಿ ಹಡಗುಗಳನ್ನು ಹಿಡಿಯಲು ಕಟ್ಟಿದ ಹಡಗು. ಅದರಲ್ಲಿದ್ದ ಇನ್ನೂರು ಮಂದಿಯಲ್ಲಿ ಇಪ್ಪತ್ತರಷ್ಟು ಜನ ಕರಿಯರು. ಮೊದಲ ಯಾನದಲ್ಲಿ ಗೆಲುವು. ಎರಡನೆಯ ಯಾನದಲ್ಲಿ ‘ಆಂಫಿಯನ್’ ಎಂಬ ಇಂಗ್ಲಿಷ್ ಯುದ್ಧನೌಕೆ ಇವರನ್ನು ಹಿಡಿಯಿತು.

ಫೋರ್ಟನ್ನನಿಗೆ ಆಗ ಹುಟ್ಟಿದ ಭಯ ಬಿಳಿಯ ಸಂಗಾತಿಗಳಿಗೆ ಹುಟ್ಟಿದ ಭಯವಲ್ಲ. ಅವರು ಅಂಜಿದ್ದು ಸೆರೆಮನೆಗೆ. ಇವನು ಅಂಜಿದ್ದು ಸೆರೆಮನೆ ಸಿಕ್ಕದೆ ಹೋದೀತೆಂದು! ಹಿಡಿದ ಹಡಗಿನಲ್ಲಿ ಕರಿಯ ನಾವಿಕ ಸಿಕ್ಕರೆ ಅವನನ್ನು ಮನುಷ್ಯರ ಪಟ್ಟಿಗೆ ಬರೆಯದೆ, ಸರಕಿನ ಜೊತೆ ಸೇರಿಸಿ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಗೆ ಮಾರುವುದುಂಟು. ಸ್ವತಂತ್ರನಾಗಿ ಹುಟ್ಟಿದವನೆಂದು ಕೂಗಿಕೊಂಡರೆ ಕೇಳುವವರು ಯಾರು?

ಇಂಗ್ಲಿಷ್ ಕಪ್ತಾನನ ಮಗನೊಬ್ಬ ಆ ಹಡಗಿನಲ್ಲಿದ್ದ. ಹೆಚ್ಚು ಕಡಮೆ ಇವನದೇ ವಯಸ್ಸು. ಇಬ್ಬರೂ ಗೋಲಿಯಾಡಿದರು. ಫೋರ್ಟನ್ ಗೋಲಿಯಲ್ಲಿ ಗಟ್ಟಿಗ. ಆಟದಿಂದ ಸ್ನೇಹ ಬೆಳೆಯಿತು. ‘ನಮ್ಮೊಡನೆ ಇಂಗ್ಲೆಂಡಿಗೆ ಬಾ, ಓದಿಸುತ್ತೇನೆ’ ಎಂಬ ಅರ್ಥದಲ್ಲಿ ಕಪ್ತಾನ ಹೇಳಿ ಕಳಿಸಿದ. ಹುಡುಗ ಒಪ್ಪಲಿಲ್ಲ, ತನ್ನ ದೇಶದ ಪರವಾಗಿ ಸೆರೆಸಿಕ್ಕವನು ತಾನು, ದೇಶದ್ರೋಹ ಮಾಡಲಾರೆನೆಂದ. ಆ ದೇಶವಾದರೂ ಎಂಥದು? ಅವನ ಬಣ್ಣದವರನ್ನು ಲಕ್ಷಗಟ್ಟಲೆ ಗುಲಾಮರನ್ನಾಗಿ ಇಟ್ಟುಕೊಂಡಿದ್ದ ದೇಶ. ನನಗೆ ಈ ಉತ್ತರದಲ್ಲಿ ಹುಡುಗತನದ ಆವೇಶಕ್ಕಿಂತ ವಿವೇಕವೇ ಹೆಚ್ಚು ಕಾಣುತ್ತದೆ. ‘ನಾನು ಅಮೆರಿಕದವನು, ಯುದ್ಧ ಕೈದಿ’ ಎಂದು ಹೇಳಿಕೊಂಡರೆ ತಾನೆ ಪಟ್ಟಿಯಲ್ಲಿ ಸ್ಥಾನ? ಕಪ್ತಾನನೂ ಒಳ್ಳೆಯವನೇ. ಹುಡುಗನನ್ನು ಕಳಿಸುವಾಗ, ವಿನಿಮಯದ ಪಟ್ಟಿಯಲ್ಲಿ ಇವನನ್ನು ಮರೆಯಬಾರದೆಂದು ಒಂದು ಕಾಗದ ಬರೆದುಕೊಟ್ಟ.

ಕಳಿಸಿದ್ದು ನ್ಯೂಯಾರ್ಕಿನ ಬಳಿಯ ಕೆಸರುಕೊಲ್ಲಿಯಲ್ಲಿ ಲಂಗರು ಹಾಕಿದ್ದ ‘ಜರ್ಸಿ’ ಎಂಬ ಹಳೆಯ ಹಡಗಿಗೆ. ಕೂವೆಮರ ಕಿತ್ತು, ಕಿಂಡಿಗಳಿಗೆ ಕಬ್ಬಿಣದ ಸರಳು ಹೊಡೆದು, ಅದನ್ನು ಸೆರೆಮನೆ ಮಾಡಿದ್ದರು. ಒಂದೊಂದು ಹೊತ್ತಿಗೆ ಸಾವಿರ ಜನ ತುಂಬಿರುತ್ತಿದ್ದರು. ಬೆಳಗಾದರೆ ಕಾವಲುಗಾರರು ಕೇಳುತ್ತಿದ್ದ ಮೊದಲ ಮಾತು ಹೆಣಗಳನ್ನು ಮೇಲಕ್ಕೆ ತನ್ನಿರೆಂಬುದು. ಆ ಕೊಲ್ಲಿಯ ಸೆರೆಹಡಗುಗಳಲ್ಲಿ ಯುದ್ಧದುದ್ದಕ್ಕೂ ಸತ್ತವರು ಹನ್ನೊಂದು ಸಾವಿರಕ್ಕೂ ಮೇಲೆ ಎಂಬುದು ವಾಡಿಕೆಯ ಅಂದಾಜು. ಅಲ್ಲಿಂದ ತಪ್ಪಿಸಿಕೊಳ್ಳಲು ಫೋರ್ಟನ್ನನಿಗೆ ಒಮ್ಮೆ ದಾರಿ ಸಿಕ್ಕಿತು. ಬಿಡುಗಡೆಯಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯ ಬಟ್ಟೆಯ ಪೆಟ್ಟಿಗೆಯೊಳಗೆ ಅಡಗಿ ಹೋಗಬಹುದಾಗಿತ್ತು. ಆ ಜಾಗವನ್ನು ಅವನು ತನಗಿಂತ ಚಿಕ್ಕವನಾದ ಡೇನಿಯಲ್ ಬ್ರೂಟನ್ ಎಂಬ ಬಿಳಿಯ ಹುಡುಗನಿಗೆ ಬಿಟ್ಟುಕೊಟ್ಟು, ಪೆಟ್ಟಿಗೆಯನ್ನು ತಾನೇ ಕೈಕೊಟ್ಟು ಇಳಿಸಿದ. ಏಳು ತಿಂಗಳಾದ ಮೇಲೆ ವಿನಿಮಯದಲ್ಲಿ ಅವನ ಹೆಸರು ಬಂತು. ನ್ಯೂಯಾರ್ಕಿನಿಂದ ಫಿಲಡೆಲ್ಫಿಯಕ್ಕೆ ಹೊರಟದ್ದು ಬರಿಗಾಲಿನಲ್ಲಿ, ನಡೆದುಕೊಂಡು.

ಎರಡನೆಯ ಹುಡುಗ ಜೇಮ್ಸ್ ಸ್ಕರಿ, ಇಂಗ್ಲೆಂಡಿನ ಡೆವನ್ ಸೀಮೆಯ ಬಿಳಿಯ. ಅವನಿದ್ದದ್ದು ‘ಹ್ಯಾನಿಬಾಲ್’ ಎಂಬ ಐವತ್ತು ಫಿರಂಗಿಗಳ ಯುದ್ಧನೌಕೆಯಲ್ಲಿ. ಅಮೆರಿಕದ ಯುದ್ಧದಲ್ಲಿ ಫ್ರೆಂಚರು ಅಮೆರಿಕದ ಪಕ್ಷ ವಹಿಸಿದ್ದರಿಂದ ಆ ಯುದ್ಧ ನಮ್ಮ ಕಡಲಿಗೂ ಹಬ್ಬಿತ್ತು. ಇಲ್ಲಿ ಫ್ರೆಂಚರ ಮಿತ್ರ ನಮ್ಮ ಹೈದರಲಿ. 1782ರ ಜನವರಿಯಲ್ಲಿ ಸುಮಾತ್ರದ ಬಳಿ ಫ್ರೆಂಚ್ ನೌಕಾಬಲ ಈ ಹಡಗನ್ನು ಹಿಡಿಯಿತು. ಅವರ ಬಳಿ ಅದೇ ಹೆಸರಿನ ಇನ್ನೂ ದೊಡ್ಡ ಹಡಗಿದ್ದುದರಿಂದ ಇದಕ್ಕೆ ‘ಚಿಕ್ಕ ಹ್ಯಾನಿಬಾಲ್’ ಎಂದು ಹೆಸರಿಟ್ಟುಕೊಂಡು ತಮ್ಮ ಸಾಲಿಗೇ ಸೇರಿಸಿದರು. ಹಡಗಿಗೆ ಸ್ಥಾನ ಸಿಕ್ಕಿತು. ಜನರನ್ನು ಏನು ಮಾಡುವುದು?

ಫ್ರೆಂಚ್ ಸೇನಾಪತಿ ಸುಫ್ರಾನ್‌ನಿಗೆ ಇದು ದೊಡ್ಡ ತಲೆನೋವಾಯಿತು. ಅವನ ಮಂದಿಗೇ ಆಹಾರ ಸಾಲದು. ಫ್ರೆಂಚರ ಸ್ವಂತ ನೆಲೆಯಾದ ಮಾರಿಷಸ್ ದೂರ. ಮದರಾಸಿನ ಇಂಗ್ಲಿಷರೊಡನೆ ನಡೆದ ವಿನಿಮಯದ ಮಾತು ಫಲಿಸಲಿಲ್ಲ. ಕೊನೆಗೆ ಅವನು ನೂರಾರು ಇಂಗ್ಲಿಷ್ ಕೈದಿಗಳನ್ನು ಕಡಲೂರಿನಲ್ಲಿ ಇಳಿಸಿ ಹೈದರನ ಕೈಗೆ ಒಪ್ಪಿಸಿದ. ಮದರಾಸಿನಲ್ಲಿ ಇದಕ್ಕೆ ಭಾರಿ ಗುಲ್ಲೆದ್ದಿತು. ಕೈದಿಗಳು ಕಾಲ್ನಡಿಗೆಯಲ್ಲಿ ಘಟ್ಟ ಹತ್ತಿ ಬೆಂಗಳೂರಿಗೆ ಬಂದರು. ಅವರಲ್ಲಿ ಎಳೆಯರನ್ನು ಆರಿಸಿ ಶ್ರೀರಂಗಪಟ್ಟಣಕ್ಕೆ ಕಳಿಸಲಾಯಿತು. ಕಡಲಿನ ಹುಡುಗ ಸ್ಕರಿ ಕಾವೇರಿಯ ನಡುಗಡ್ಡೆಗೆ ಬಂದುದು ಹೀಗೆ.

ಅಲ್ಲಿ ಅವರ ತಲೆ ಬೋಳಿಸಿ, ಸುನ್ನತಿ ಮಾಡಿ, ಹೊಸ ಹೆಸರು ಕೊಟ್ಟರು. ಕಿವಿಗೆ ಬೆಳ್ಳಿಯ ಉಂಗುರ ಬಿತ್ತು. ಅವರನ್ನು ಸೇರಿಸಿದ್ದು ‘ಚೇಲಾ’ ಪಟಾಲಮ್ಮಿಗೆ. ಚೇಲಾ ಎಂದರೆ ಇಂದು ನಾವು ದೊಡ್ಡವರ ಹಿಂದೆ ತಿರುಗುವವನಿಗೆ ಹಾಸ್ಯಕ್ಕೆ ಹೇಳುತ್ತೇವೆ. ಅಂದು ಅದು ರಾಜನಿಗೆ ಸೇರಿದ ಆಳಿನ ಹೆಸರು. ಯುದ್ಧ ಕೈದಿಗೆ ಹಿಂದಕ್ಕೆ ಹೋಗುವ ಹಕ್ಕಿದೆ, ಚೇಲಾನಿಗೆ ಇಲ್ಲ.

ಈಗ ನಮ್ಮ ಸೀಮೆಯ ಕಡೆಗೆ ತಿರುಗಿ. ಈ ಚೇಲಾ ಪಟಾಲಮ್ಮುಗಳು ಹುಟ್ಟಿದ್ದು ಇಂಗ್ಲಿಷ್ ಹುಡುಗರಿಗಾಗಿ ಅಲ್ಲ. ಶಿರಾದಿಂದ ಉತ್ತರಕ್ಕೆ ಹೋಗುವ ದಾರಿಯಲ್ಲಿ ಸಿಕ್ಕುವ ಚಿತ್ರದುರ್ಗ 1779ರಲ್ಲಿ ಹೈದರನ ವಶವಾಯಿತು. ಮದಕರಿನಾಯಕನ ಕಥೆಯನ್ನೂ ಓಬವ್ವನ ಕಥೆಯನ್ನೂ ನೀವೆಲ್ಲ ಬಲ್ಲಿರಿ. ಅದರ ಮುಂದಿನ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುವಂತೆ, ಆ ನಾಡಿನ ಇಪ್ಪತ್ತು ಸಾವಿರ ಜನರನ್ನು ಎಬ್ಬಿಸಿಕೊಂಡು ಹೋಗಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ಕೂರಿಸಿದರು. ಅವರಲ್ಲಿ ತಕ್ಕ ವಯಸ್ಸಿನ ಬೇಡರ ಹುಡುಗರನ್ನೆಲ್ಲ ಮತಾಂತರಿಸಿ, ಆಯುಧವಿದ್ಯೆ ಕಲಿಸಿ ಚೇಲಾ ಪಟಾಲಮ್ಮು ಕಟ್ಟಿದರು. ಶಿರಾದವರಿಗೂ ಇಂಥದೇ ಗತಿ ಬಂತು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಹೊರಪೇಟೆಯಾದ ಗಂಜಾಮನ್ನು ತುಂಬುವುದಕ್ಕೆಂದು ಶಿರಾದಿಂದ 12,000 ಸಂಸಾರಗಳನ್ನು ಬಲವಂತವಾಗಿ ಸಾಗಿಸಿದರೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಒಂದು ಕಾಲಕ್ಕೆ ಮೊಗಲರ ಸುಬೇದಾರಿಕೆಯ ರಾಜಧಾನಿಯಾಗಿದ್ದ ಶಿರಾ ಹೀಗೆ ಬರಿದಾಯಿತು.

ಅಂತೂ ಅಟ್ಲಾಂಟಿಕ್ ದಾಟಿ ಬಂದ ಮದ್ದಿನ ಹುಡುಗ, ಚಿತ್ರದುರ್ಗದ ಬೇಡರ ಹುಡುಗ, ಇಬ್ಬರೂ ಒಂದೇ ಬಗೆಯ ಪಟಾಲಮ್ಮಿನ ಆಳುಗಳಾದರು. ಇಂಗ್ಲಿಷ್ ಹುಡುಗರ ಕೆಲಸ ಉಳಿದವರಿಗೆ ಯೂರೋಪಿನ ಕವಾಯತು ಕಲಿಸುವುದು. ಡೋಲು ಬಾರಿಸುವ ಕೆಲವು ಹುಡುಗರಿಗೆ ಹೆಣ್ಣುಡುಗೆ ತೊಡಿಸಿ ಕುಣಿಯಲು ಕಲಿಸಿದರಂತೆ. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಕೈದಿಗಳನ್ನೆಲ್ಲ ಬಿಡಬೇಕೆಂಬುದು ಅದರ ಷರತ್ತು. ಯೂರೋಪಿನವರೇ ಸುಮಾರು ಸಾವಿರ ಜನ ಬಿಡುಗಡೆಯಾಗಿ ಹೊರಟರು. ಸ್ಕರಿಯೂ ಅವನ ಜೊತೆಯ ಹುಡುಗರೂ ಹೊರಡಲಿಲ್ಲ. ಅವರು ಚೇಲಾಗಳು, ಕೈದಿಗಳಲ್ಲ. ಆದುದರಿಂದ ಬಿಡುಗಡೆಯ ಲೆಕ್ಕಕ್ಕೆ ಬರಲಿಲ್ಲ. ಬೇಡರ ಹುಡುಗರ ವಿಷಯ ಹೇಳುವುದೇ ಬೇಡ. ಅವರಿಗಾಗಿ ಷರತ್ತು ಬರೆಸುವ ಪಕ್ಷವೇ ಆ ಒಪ್ಪಂದದಲ್ಲಿರಲಿಲ್ಲ.

ಸ್ಕರಿ ಅಲ್ಲಿಯೇ ಬೆಳೆದ. ಕರ್ನಾಟಕ್ ಸೀಮೆಯಿಂದ ಸೆರೆ ತಂದ ಹೆಣ್ಣುಮಕ್ಕಳನ್ನು ಚೇಲಾಗಳಿಗೆ ಮದುವೆ ಮಾಡಿಕೊಡುತ್ತಿದ್ದರು, ಅವನಿಗೂ ಮದುವೆಯಾಯಿತು. 1790ರಲ್ಲಿ ಆರಂಭವಾದ ಮೂರನೆಯ ಮೈಸೂರು ಯುದ್ಧದ ಗಲಾಟೆಯಲ್ಲಿ ಕೆಲವರೊಡನೆ ತಪ್ಪಿಸಿಕೊಂಡು ಇಂಗ್ಲಿಷರ ಪಾಳೆಯ ಸೇರಿದ. ಹೆಂಡತಿಯನ್ನು ಹಿಂದೆ ಬಿಟ್ಟು ಹೋಗಬೇಕಾಯಿತು. ಊರಿಗೆ ಮರಳಿದ ಮೇಲಿನ ಅವನ ಅವಸ್ಥೆ ಕುತೂಹಲದ್ದು. ಕುರ್ಚಿಯ ಮೇಲೆ ಕೂರುವುದು ಮರೆತುಹೋಗಿತ್ತು. ಚಾಕು ಮುಳ್ಳುಚಮಚ ಹಿಡಿಯಲು ಬಾರದು. ಮೈಗೊತ್ತುವ ಇಂಗ್ಲಿಷ್ ಉಡುಪು ಬೇಡವೆನಿಸುತ್ತಿತ್ತು. ತಾಯ್ನುಡಿ ತೊದಲಾಗಿತ್ತು. ಅವನ ಮೈಬಣ್ಣ ಆಫ್ರಿಕದವರಂತೆ ಕಪ್ಪಾಗಿತ್ತೆಂದೂ ಬರೆದಿದ್ದಾರೆ. ಅವನ ಸೆರೆಯ ವೃತ್ತಾಂತ ಅಚ್ಚಾದದ್ದು 1824ರಲ್ಲಿ, ಅವನು ಸತ್ತು ಎರಡು ವರ್ಷದ ಮೇಲೆ. ಇಂಗ್ಲೆಂಡಿನಲ್ಲಿ ಇಂಥ ಪುಸ್ತಕಗಳಿಗೆ ಒಳ್ಳೆಯ ಗಿರಾಕಿ. ಟಿಪ್ಪುವಿನ ಮೇಲಿನ ದ್ವೇಷಕ್ಕೆ ಅವು ತುಪ್ಪ ಸುರಿದುವು. ಓದುವಾಗ ಅದನ್ನು ನೆನಪಿನಲ್ಲಿಡಬೇಕು. ‘ಜರ್ಸಿ’ ಹಡಗಿನ ಹೆಣಗಳ ವಿಚಾರ ಅದೇ ಇಂಗ್ಲಿಷ್ ಓದುಗರಿಗೆ ಅಷ್ಟು ರುಚಿಸುತ್ತಿರಲಿಲ್ಲವೆಂಬುದನ್ನೂ ನೆನಪಿಡಬೇಕು.

ಸ್ಕರಿಯ ಡೆವನ್ ಸೀಮೆಯಲ್ಲೇ ಮುಂದೆ ಒಂದು ದೊಡ್ಡ ಸೆರೆಮನೆ ಎದ್ದಿತು. ಸಮುದ್ರಮಟ್ಟದಿಂದ 1,400 ಅಡಿ ಎತ್ತರದ, ಮಂಜು ಮುಸುಕಿದ ಬಂಜರುಗಾಡು. ಅದಕ್ಕೆ ಡಾರ್ಟ್‌ಮೂರ್ ಎಂದು ಹೆಸರು. ನಮ್ಮ ಮಧುಗಿರಿಯಂತೆ ಅದೂ ಬೆಣಚುಬಂಡೆಯ ನಾಡು. ಆ ಬಂಡೆಯನ್ನೇ ಕಡಿದು ಕಟ್ಟಿದ ಕಟ್ಟಡ 1809ರಲ್ಲಿ ಮೊದಲು ಫ್ರೆಂಚ್ ಕೈದಿಗಳಿಂದ ತುಂಬಿತು. 1812ರಲ್ಲಿ ಅಮೆರಿಕಕ್ಕೂ ಇಂಗ್ಲೆಂಡಿಗೂ ಮತ್ತೆ ಯುದ್ಧ ಹತ್ತಿತು. ಮರುವರ್ಷದಿಂದ ಅಮೆರಿಕದ ನಾವಿಕರು ಅಲ್ಲಿಗೆ ಬರತೊಡಗಿದರು. ಒಟ್ಟು ಸುಮಾರು 6,500 ಮಂದಿ. ಅವರಲ್ಲಿ ಸುಮಾರು ಸಾವಿರ ಜನ ಕರಿಯರು.

ಇಷ್ಟು ಜನ ಕರಿಯರು ಎಲ್ಲಿಂದ ಬಂದರೆಂದು ನೀವು ಕೇಳಬಹುದು. ಆಗಿನ ಅಮೆರಿಕದಲ್ಲಿ ಸ್ವತಂತ್ರನಾದ ಕರಿಯನಿಗೆ ಬಿಳಿಯನ ಸರಿಸಮ ಕೂಲಿ ಸಿಕ್ಕುವ ಕೆಲವೇ ಕಸುಬುಗಳಲ್ಲಿ ಹಡಗಿನ ಕೆಲಸ ಒಂದು. ಬಿರುಗಾಳಿಯಲ್ಲಿ ಹಾಯಿ ಸುತ್ತುವವನ ಬಣ್ಣ ನೋಡುತ್ತ ಕೂತರೆ ಹಡಗು ಉಳಿಯದು. ನಾವಿಕರಲ್ಲಿ ಹೆಚ್ಚು ಕಡಮೆ ಐದರಲ್ಲಿ ಒಬ್ಬ ಕರಿಯನಿದ್ದ ಕಾಲ ಅದು. ಇನ್ನೊಂದು ಆಕರ್ಷಣೆಯೂ ಇತ್ತು. ಇಂಗ್ಲಿಷ್ ಯುದ್ಧನೌಕೆಗಳು ಅಮೆರಿಕದ ನಾವಿಕರನ್ನು ತಮ್ಮ ಪ್ರಜೆಗಳೆಂದು ಹೇಳಿ ನಡುಗಡಲಿನಲ್ಲಿ ಬಲಾತ್ಕಾರದಿಂದ ಎಳೆದುಕೊಳ್ಳುತ್ತಿದ್ದುದರಿಂದ, 1796ರಲ್ಲಿ ಅಮೆರಿಕದ ಸರಕಾರ ನಾವಿಕರಿಗೆ ರಕ್ಷಣಾಪತ್ರ ಕೊಡುವ ಕಾನೂನು ಮಾಡಿತು. ಹೆಸರು, ವಯಸ್ಸು, ಎತ್ತರ, ಮೈಬಣ್ಣ, ಗಾಯದ ಗುರುತು. ಇವನು ಅಮೆರಿಕದ ನಾಗರಿಕ ಎಂಬ ಒಕ್ಕಣೆ. ಇದನ್ನು ಕರಿಯ ನಾವಿಕರಿಗೂ ಕೊಟ್ಟರು! ನೆಲದ ಮೇಲೆ ಅವರನ್ನು ನಾಗರಿಕರೆಂದು ಕರೆಯಲು ಹಿಂಜರಿಯುತ್ತಿದ್ದ ದೇಶ ನೀರಿನ ಮೇಲೆ ಹಾಗೆ ಬರೆದುಕೊಟ್ಟಿತು. ಬಲಾತ್ಕಾರವಾಗಿ ಇಂಗ್ಲಿಷ್ ನೌಕೆ ಸೇರಿದ್ದ ಅಮೆರಿಕನ್ನರಲ್ಲಿ ಎಷ್ಟೋ ಮಂದಿ ಯುದ್ಧ ಸಾರಿದೊಡನೆ, ಸ್ವದೇಶದ ಮೇಲೆ ಫಿರಂಗಿ ಹಾರಿಸಲಾರೆವೆಂದು ಹೇಳಿ ತಾವಾಗಿಯೇ ಸೆರೆ ಹೋದರು. ಅವರಲ್ಲೂ ಕರಿಯರಿದ್ದರು.

ಡಾರ್ಟ್‌ಮೂರಿನ ದಫ್ತರಿನಲ್ಲಿ ಪ್ರತಿಯೊಬ್ಬನಿಗೂ ಒಂದು ಅಂಕಿ, ಒಂದು ಸಾಲು. ಕರಿಯನಿಗೂ ಅದೇ ಸಾಲು, ಅದೇ ಅಂಕಿ. ದಿನಕ್ಕೆ ಒಂದೂವರೆ ಪೌಂಡು ಒರಟು ರೊಟ್ಟಿ, ಅರ್ಧ ಪೌಂಡು ಮಾಂಸ. ವಾರಕ್ಕೆ ಎರಡು ದಿನ ಮಾಂಸದ ಬದಲು ಮೀನು, ಆಲೂಗೆಡ್ಡೆ. ಬಣ್ಣದಿಂದ ಪಡಿ ಬದಲಾಗಲಿಲ್ಲ. ಫೋರ್ಟನ್ನನ ಕಾಲದಿಂದ ಮೂವತ್ತು ವರ್ಷದಲ್ಲಿ ಇಷ್ಟು ದೂರ ಬಂದಂತಾಯಿತು. ಆದರೆ ಇಂಗ್ಲಿಷರು ಎಣಿಸದೆ ಬಿಟ್ಟ ಭೇದವನ್ನು ಅಮೆರಿಕದ ಬಿಳಿಯ ಕೈದಿಗಳೇ ಎಣಿಸಿದರು. ಕರಿಯರು ಕಳ್ಳರು, ಅವರೊಡನೆ ಒಂದೇ ಸೂರಿನಡಿ ಇರಲಾರೆವೆಂದು ಅಧಿಕಾರಿಗಳಿಗೆ ಮೊರೆಯಿಟ್ಟರು. ಅಧಿಕಾರಿಗಳು ಒಪ್ಪಿದರು. 1814ರ ಹೊತ್ತಿಗೆ ನಾಲ್ಕನೆಯ ನಂಬರಿನ ಕಟ್ಟಡ ಕರಿಯರದಾಯಿತು. ಸೆರೆಮನೆಯೊಳಗೂ ಬೇರೆ ಕೇರಿ ಬೇಕೆನ್ನುವ ಬುದ್ಧಿ ನಮಗೆ ಅಪರಿಚಿತವೇನಲ್ಲ. ಅದಕ್ಕೇ ಈ ಸಂಗತಿ ಮನಸ್ಸಿಗೆ ಚುಚ್ಚುತ್ತದೆ.

ಮುಂದೆ ನಡೆದದ್ದು ಬಿಳಿಯರು ನೆನಸಿದಂತಲ್ಲ. ನಾಲ್ಕನೆಯ ಕಟ್ಟಡಕ್ಕೆ ಒಬ್ಬ ಯಜಮಾನ ಹುಟ್ಟಿಕೊಂಡ. ರಿಚರ್ಡ್ ಕ್ರಾಫಸ್ ಎಂದು ಅವನ ಹೆಸರು. ಮೇರಿಲ್ಯಾಂಡಿನ ವಿಯೆನ್ನ ಎಂಬ ಊರಿನವನೆಂದು ದಫ್ತರಿನಲ್ಲಿದೆ. ವಯಸ್ಸು ಇಪ್ಪತ್ತಮೂರರ ಸುಮಾರು, ಎತ್ತರ ಆರಡಿ ಮೂರು ಅಂಗುಲಕ್ಕೂ ಮಿಗಿಲು. ಎಲ್ಲರೂ ಅವನನ್ನು ‘ರಾಜಾ ಡಿಕ್’ ಎಂದೇ ಕರೆದರು. ತಲೆಗೆ ಕರಡಿಚರ್ಮದ ದೊಡ್ಡ ಟೊಪ್ಪಿಗೆ, ಕೈಯಲ್ಲಿ ದೊಣ್ಣೆ. ದಿನವೂ ಗಸ್ತು ತಿರುಗಿ ಮಲಗುವ ಜಾಗಗಳು ಚೊಕ್ಕಟವಾಗಿವೆಯೇ ಎಂದು ನೋಡುವನು. ಕುಡಿದು ಬಿದ್ದವನಿಗೆ, ಕದ್ದವನಿಗೆ ಅಲ್ಲಿಯೇ ಏಟು. ಅವನ ಆಳ್ವಿಕೆ ಮೃದುವಾದದ್ದೆಂದು ಯಾರೂ ಹೇಳಿಲ್ಲ. ಜೂಜಿನ ಕಟ್ಟೆಗಳೂ ಅವನ ರಾಜ್ಯದಲ್ಲಿ ಇದ್ದುವು. ಆದರೆ ಉಳಿದ ಕಟ್ಟಡಗಳಲ್ಲಿ ಕೈದಿಗಳು ಸಮಿತಿಗಳನ್ನು ಆರಿಸಿ ಜಗಳವಾಡುತ್ತಿದ್ದಾಗ ನಾಲ್ಕನೆಯದರಲ್ಲಿ ಶಿಸ್ತು ಇತ್ತು.

ಅಟ್ಟದ ಮೇಲೆ ಅವರು ರಂಗಮಂದಿರ ಮಾಡಿದರು. ಷೇಕ್ಸ್‌ಪಿಯರನ ‘ಒಥೆಲೊ’ ಆಡಿದರು, ‘ರೋಮಿಯೊ ಜೂಲಿಯೆಟ್’ ಆಡಿದರು. ಒಥೆಲೊ ಕರಿಯ ಸೇನಾಪತಿ. ಲಂಡನ್ನಿನ ರಂಗಭೂಮಿಯಲ್ಲಿ ಆ ಪಾತ್ರಕ್ಕೆ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಳ್ಳುತ್ತಿದ್ದ ಕಾಲದಲ್ಲಿ ಈ ಬಂಜರುಗಾಡಿನ ಸೆರೆಮನೆಯಲ್ಲಿ ನಿಜವಾದ ಕರಿಯ ನಾವಿಕರು ಅದನ್ನು ಆಡಿದರು. ಮುಷ್ಟಿಯುದ್ಧ ಕಲಿಸುವ ಗರಡಿ, ಕತ್ತಿವರಸೆ, ಕುಣಿತ, ಸಂಗೀತ, ಓದು ಬರಹ ಎಲ್ಲಕ್ಕೂ ಪಾಠ. ಭಾನುವಾರ ಕರಿಯ ಬೋಧಕನೊಬ್ಬನ ಉಪದೇಶ. ಬೇರೆ ಇರಿಸಿರೆಂದು ಬೇಡಿಕೊಂಡಿದ್ದ ಬಿಳಿಯರೇ ಕಾಸು ಕೊಟ್ಟು ನಾಟಕ ನೋಡಲು, ಕುಸ್ತಿ ಕಲಿಯಲು, ಪ್ರಾರ್ಥನೆ ಕೇಳಲು ನಾಲ್ಕನೆಯ ಕಟ್ಟಡಕ್ಕೆ ಬಂದರು. ಕೆಲವು ಬಿಳಿಯರು ಅಲ್ಲಿಯೇ ವಾಸಕ್ಕೂ ಬಂದುಬಿಟ್ಟರು.

1814ರ ಡಿಸೆಂಬರಿನಲ್ಲಿ ಸಂಧಿಗೆ ಸಹಿ ಬಿತ್ತು. ಆದರೂ ತಿಂಗಳುಗಟ್ಟಲೆ ಬಾಗಿಲು ತೆರೆಯಲಿಲ್ಲ. ಹಡಗುಗಳ ಏರ್ಪಾಟು ಯಾರು ಮಾಡಬೇಕೆಂಬ ಚರ್ಚೆ. ಲಂಡನ್ನಿನಲ್ಲಿದ್ದ ಅಮೆರಿಕದ ಪ್ರತಿನಿಧಿ ಬೀಸ್ಲಿ ಎಂಬಾತನ ಉದಾಸೀನಕ್ಕೆ ರೋಸಿ ಕೈದಿಗಳು ಅವನ ಪ್ರತಿಕೃತಿ ಮಾಡಿ ಗಲ್ಲಿಗೇರಿಸಿ ಸುಟ್ಟರು. 1815ರ ಏಪ್ರಿಲ್ 4ರಂದು ರೊಟ್ಟಿಯ ಬದಲು ಗಟ್ಟಿ ಬಿಸ್ಕತ್ತು ಕೊಟ್ಟರೆಂದು ಗದ್ದಲ. 6ರಂದು ಗೋಡೆಯಲ್ಲಿ ಒಂದು ಕನ್ನ ಕಂಡಿತು; ಅಪಾಯದ ಗಂಟೆ ಹೊಡೆಯಿತು; ಏನೆಂದು ನೋಡಲು ಕೈದಿಗಳು ಗುಂಪುಗೂಡಿದರು; ಸಿಪಾಯಿಗಳು ಗುಂಡು ಹಾರಿಸಿದರು. ಯುದ್ಧ ಮುಗಿದ ಮೇಲೆ ಸತ್ತವರು ಇವರು: ಅಂದು ಏಳು ಮಂದಿ, ಗಾಯಗಳಿಂದ ಮುಂದೆ ಇನ್ನಿಬ್ಬರು. ಅವರಲ್ಲಿ ಕರಿಯನಿದ್ದ, ಹದಿನಾಲ್ಕು ವರ್ಷದ ಹುಡುಗನೊಬ್ಬನಿದ್ದ. ಎರಡು ದೇಶದವರೂ ಸೇರಿ ವಿಚಾರಣೆ ನಡೆಸಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಡಾರ್ಟ್‌ಮೂರ್ ಮುಂದೆ ಸಾಮಾನ್ಯ ಅಪರಾಧಿಗಳ ಸೆರೆಮನೆಯಾಗಿ ಬಹುಕಾಲ ನಡೆಯಿತು. 2024ರಲ್ಲಿ ಆ ಬಂಡೆಯಿಂದಲೇ ಹೊಮ್ಮುವ ರೇಡಾನ್ ಎಂಬ ವಿಷಾನಿಲದ ಕಾರಣ ಅದನ್ನು ತೆರವು ಮಾಡಬೇಕಾಯಿತು.

ಬಿಡುಗಡೆಯ ಸಾಲಿನಲ್ಲಿ ನಾಲ್ಕನೆಯ ಕಟ್ಟಡದವರು ಕೊನೆಯ ಗುಂಪುಗಳಲ್ಲಿದ್ದರು. ಹಡಗು ಯಾವ ರೇವಿಗೆ ಹೋಗುವುದೆಂಬುದು ಅವರಿಗೆ ಸಣ್ಣ ಮಾತಲ್ಲ. ದಕ್ಷಿಣದ ಗುಲಾಮಗಿರಿಯ ರಾಜ್ಯದಲ್ಲಿ ಇಳಿದರೆ ಯುದ್ಧ ಕೈದಿಯಾಗಿದ್ದವನು ಸ್ವದೇಶದ ನೆಲದಲ್ಲೇ ಸೊತ್ತಾಗಬಹುದು. ಈ ಭಯ ಕೇವಲ ಕಲ್ಪನೆಯಾಗಿ ಉಳಿಯಲಿಲ್ಲ. 1822ರಲ್ಲಿ ದಕ್ಷಿಣ ಕೆರೊಲಿನ ರಾಜ್ಯ ಒಂದು ಕಾನೂನು ಮಾಡಿತು. ಹೊರಗಿನ ಹಡಗಿನಲ್ಲಿ ಸ್ವತಂತ್ರನಾದ ಕರಿಯ ನಾವಿಕನಿದ್ದರೆ, ಹಡಗು ರೇವಿನಲ್ಲಿರುವಷ್ಟು ದಿನವೂ ಅವನು ಜೈಲಿನಲ್ಲಿರಬೇಕು. ಹೊರಡುವಾಗ ಊಟದ ಖರ್ಚನ್ನು ಕಪ್ತಾನ ಕಟ್ಟಿ ಬಿಡಿಸಿಕೊಳ್ಳದಿದ್ದರೆ ಅವನನ್ನು ಗುಲಾಮನಾಗಿ ಮಾರಬಹುದು. ಯುದ್ಧವೂ ಇಲ್ಲ, ಶತ್ರುವೂ ಇಲ್ಲ, ಆದರೂ ಸೆರೆ.

ರಾಜಾ ಡಿಕ್ ಜಾಣತನದಿಂದ ಉತ್ತರದ ಬಾಸ್ಟನ್ನಿನಲ್ಲಿ ನೆಲೆಸಿದ. ಮುಷ್ಟಿಯುದ್ಧ ಕಲಿಸಿದ, ಹಬ್ಬದ ದಿನ ಕರಿಯರ ಮೆರವಣಿಗೆಯ ಮುಂದೆ ನಡೆದ, 1831ರಲ್ಲಿ ತೀರಿಕೊಂಡ. ಫೋರ್ಟನ್ನನು ಹಾಯಿ ಹೊಲಿಯುವ ಅಂಗಡಿಯಲ್ಲಿ ಕೆಲಸ ಕಲಿತು, 1798ರಲ್ಲಿ ಅದನ್ನು ತಾನೇ ಕೊಂಡು, ಕರಿಯರನ್ನೂ ಬಿಳಿಯರನ್ನೂ ಒಟ್ಟಿಗೆ ಕೆಲಸಕ್ಕಿಟ್ಟು ಶ್ರೀಮಂತನಾದ. ಆ ಹಣದಲ್ಲಿ ದೊಡ್ಡ ಪಾಲನ್ನು ಗುಲಾಮಗಿರಿಯ ವಿರುದ್ಧ ಹೋರಾಟಕ್ಕೆ ಕೊಟ್ಟು 1842ರಲ್ಲಿ ಸತ್ತ.

ಅದಕ್ಕೆ ನಾಲ್ಕು ವರ್ಷ ಮುಂಚೆ, 1838ರ ಸೆಪ್ಟೆಂಬರ್ 3ರಂದು, ಬಾಲ್ಟಿಮೋರಿನಲ್ಲಿ ಫ್ರೆಡರಿಕ್ ಡಗ್ಲಾಸ್ ಎಂಬ ಗುಲಾಮ ಯುವಕ ಕೆಂಪು ಅಂಗಿ ತೊಟ್ಟು, ನಾವಿಕರಂತೆ ಕುತ್ತಿಗೆಗೆ ಕರವಸ್ತ್ರ ಕಟ್ಟಿ ಉತ್ತರಕ್ಕೆ ಹೋಗುವ ರೈಲು ಹತ್ತಿದ. ಮುಂದೆ ಅವನು ಅಮೆರಿಕದ ಬಹು ದೊಡ್ಡ ಭಾಷಣಕಾರರಲ್ಲಿ ಒಬ್ಬನಾದ. ಸ್ವತಂತ್ರ ಕರಿಯನೆಂಬುದಕ್ಕೆ ಕಾಗದ ತೋರಿಸಬೇಕಾಗಿತ್ತು. ಅವನ ಬಳಿ ಅದಿರಲಿಲ್ಲ. ಇದ್ದದ್ದು ಸ್ನೇಹಿತನೊಬ್ಬನಿಂದ ಎರವಲು ತಂದ ನಾವಿಕರ ರಕ್ಷಣಾಪತ್ರ. ಅದರಲ್ಲಿ ಬರೆದಿದ್ದ ಮೈಗುರುತುಗಳು ಅವನವಲ್ಲ. ಎರಡು ಸಾಲು ಓದಿದ್ದರೆ ಸಿಕ್ಕಿಬೀಳುತ್ತಿದ್ದ. ಕಂಡಕ್ಟರು ಬಂದ. ಕಾಗದದ ತಲೆಯ ಮೇಲಿದ್ದ ಅಮೆರಿಕದ ಹದ್ದಿನ ಚಿತ್ರವನ್ನೊಮ್ಮೆ ನೋಡಿದ, ಚಾರ್ಜು ತೆಗೆದುಕೊಂಡ, ಮುಂದಿನವನ ಬಳಿಗೆ ಹೋದ.